ಮುಟ್ಟಿ ನೋಡಿದ ಮೇಷ್ಟ್ರು ವೆಸೇಲಿಯಸ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಹತ್ತನೇ ತರಗತಿಯ ಗೋಡೆಗೆ ತೂಗುಹಾಕಿದ್ದ ಅಸ್ಥಿಪಂಜರದ ಚಾರ್ಟು. ಬಟ್ಟೆಗೆ ಅಂಟಿಸಿ ಮೇಲೆ ಕೆಳಗೆ ಮರದ ಕೋಲು ಕಟ್ಟಿದ್ದ ಹಳೆಯ ಚಾರ್ಟು ಅದು. ಬಲಗಾಲಿನ ಪಾದವನ್ನು ಇಲಿ ತಿಂದುಹಾಕಿತ್ತು. ಮನುಷ್ಯನಿಗೆ ಎಡಗಾಲಿನಲ್ಲಿ ಮಾತ್ರ ಬೆರಳಿರುತ್ತವೆಂದು ಪರೀಕ್ಷೆಯಲ್ಲಿ ಬರೆದೀರಿ ಎಂದು ವಿಜ್ಞಾನದ ಮೇಷ್ಟ್ರು ತಮಾಷೆ ಮಾಡುತ್ತಿದ್ದರು. ಶಾಲೆ ಕಟ್ಟಿದವರ ಬಗ್ಗೆ, ಕಲಿಸಿದ ಗುರುಗಳ ಬಗ್ಗೆ ನನಗಿಂತ ಹಿರಿಯರು ಈ ಸಂಚಿಕೆಯಲ್ಲಿ ಬರೆದಿರುತ್ತಾರೆ. ನಾನು ಆ ಚಾರ್ಟಿನ ಮೂಲಪುರುಷನ ಬಗ್ಗೆ ಬರೆಯುತ್ತೇನೆ.

ಅದಕ್ಕೆ ಕಾರಣವಿದೆ. ಹೃದಯದ ಚಿತ್ರ ಬರೆಯುವುದರಲ್ಲಿ ನಮ್ಮ ತರಗತಿಗೆ ನಾನೇ ಮೊದಲಿಗ. ಬಲಭಾಗಕ್ಕೆ ನೀಲಿ, ಎಡಭಾಗಕ್ಕೆ ಕೆಂಪು ಪೆನ್ಸಿಲು. ಹೃತ್ಕರ್ಣ, ಹೃತ್ಕುಕ್ಷಿ, ಕವಾಟ ಎಲ್ಲಕ್ಕೂ ಸ್ಕೇಲಿಟ್ಟು ಗೆರೆ ಎಳೆದು ಹೆಸರು ಬರೆದರೆ ಪೂರ್ತಿ ಅಂಕ. ಆಮೇಲೆ ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ನನಗೆ 27 ವರ್ಷವಿದ್ದಾಗ ಒಂದು ರಾತ್ರಿ ಅಮ್ಮ ಫೋನು ಮಾಡಿದಳು. ಅಪ್ಪನಿಗೆ ಎದೆ ಬಿಗಿದಂತಾಗಿದೆ, ಎಡಗೈ ಮತ್ತು ದವಡೆ ಜಗಿಯುತ್ತಿದೆ, ಮೈಯೆಲ್ಲ ಬೆವರು ಎಂದಳು. ಗ್ಯಾಸ್ ಇರಬೇಕು, ನಿಂಬೆಹಣ್ಣು ಹಿಂಡಿ ಸೋಡಾ ಕೊಡು, ಬೆಳಿಗ್ಗೆ ಡಾಕ್ಟರಿಗೆ ತೋರಿಸಿದರಾಯಿತು ಎಂದು ಹೇಳಿದವನು ನಾನೇ. ಬೆಳಿಗ್ಗೆಯವರೆಗೆ ಅಪ್ಪ ಇರಲಿಲ್ಲ. ಊರಿನವರಿಗೆ ಇದು ಗೊತ್ತಿರುವ ವಿಷಯ, ಸೋಡಾದ ಮಾತು ಮಾತ್ರ ಗೊತ್ತಿರಲಿಕ್ಕಿಲ್ಲ. ಹೃದಯದ ಒಳಗಿನ ನಾಲ್ಕು ಕೋಣೆಗಳ ಹೆಸರು ನನಗೆ ಬಾಯಿಪಾಠವಿತ್ತು. ಹೃದಯ ನೊಂದರೆ ಆ ನೋವು ಕೈಯಲ್ಲೂ ದವಡೆಯಲ್ಲೂ ಕಾಣಿಸಿಕೊಳ್ಳುತ್ತದೆ ಎಂಬುದು ಗೊತ್ತಿರಲಿಲ್ಲ. ಆ ವರ್ಷದಿಂದ ನಾನು ದೇಹದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಾಗೆ ಓದುವಾಗ ಸಿಕ್ಕಿದವನು ಆಂಡ್ರಿಯಾಸ್ ವೆಸೇಲಿಯಸ್.

ಅವನು ಹುಟ್ಟಿದ್ದು 1514ರ ಡಿಸೆಂಬರ್ 31ರಂದು, ಈಗಿನ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ. ವೈದ್ಯ ವೃತ್ತಿ ಆ ಮನೆತನಕ್ಕೆ ತಲೆಮಾರುಗಳಿಂದ ಬಂದದ್ದು. ಮುತ್ತಜ್ಜ ಲೂವೆನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯ ಕಲಿಸಿದವನು, ಅಜ್ಜ ಚಕ್ರವರ್ತಿಯ ವೈದ್ಯ, ತಂದೆ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಔಷಧಿಕಾರ. ಮನೆಯಲ್ಲಿ ಹಳೆಯ ವೈದ್ಯಗ್ರಂಥಗಳ ಸಂಗ್ರಹವೇ ಇತ್ತು. ಹುಡುಗ ಮೊದಲು ಲೂವೆನ್‌ನಲ್ಲಿ ಲ್ಯಾಟಿನ್, ಗ್ರೀಕ್ ಕಲಿತು, 1533ರಲ್ಲಿ ವೈದ್ಯ ಓದಲು ಪ್ಯಾರಿಸ್ಸಿಗೆ ಹೋದ.

ಅಲ್ಲಿ ಅವನಿಗೆ ಸಿಕ್ಕ ಪಾಠ ಹೇಗಿತ್ತು ಎಂದು ತಿಳಿಯಬೇಕಾದರೆ ಗೇಲನ್ ಎಂಬ ವೈದ್ಯನ ವಿಚಾರ ಸ್ವಲ್ಪ ಹೇಳಬೇಕು. ಗೇಲನ್ ಎರಡನೇ ಶತಮಾನದವನು, ಈಗಿನ ಟರ್ಕಿಯಲ್ಲಿರುವ ಪೆರ್ಗಮಮ್ ಊರಿನವನು. ಕಾಳಗದ ಕಟ್ಟಾಳುಗಳ ಗಾಯಗಳಿಗೆ ಚಿಕಿತ್ಸೆ ಮಾಡಿ ಅನುಭವ ಪಡೆದು, ರೋಮಿಗೆ ಹೋಗಿ ಚಕ್ರವರ್ತಿಗಳ ವೈದ್ಯನಾದ ಮಹಾ ಬುದ್ಧಿವಂತ. ಆದರೆ ಅವನ ಕಾಲದಲ್ಲಿ ಮನುಷ್ಯರ ಶವ ಕೊಯ್ದು ನೋಡುವ ಪದ್ಧತಿ ಇರಲಿಲ್ಲ. ಮಂಗ, ಹಂದಿ, ಎತ್ತುಗಳನ್ನು ಕೊಯ್ದು ನೋಡಿ, ಮನುಷ್ಯನಲ್ಲೂ ಹೀಗೇ ಇರಬೇಕು ಎಂದು ಬರೆದಿಟ್ಟ. ಅದು ಅವನ ತಪ್ಪು ಎಂದು ನಾನು ಹೇಳಲಾರೆ, ಕೈಗೆ ಸಿಕ್ಕಿದ್ದನ್ನು ಅವನು ನೋಡಿಯೇ ಬರೆದಿದ್ದ. ಆಮೇಲಿನ 1300 ವರ್ಷ ಅವನ ಪುಸ್ತಕವನ್ನು ಓದಿ ಒಪ್ಪಿಸಿದವರು ನೋಡುವ ಗೋಜಿಗೇ ಹೋಗಲಿಲ್ಲ.

ಯುರೋಪಿನ ವಿಶ್ವವಿದ್ಯಾನಿಲಯಗಳಲ್ಲಿ ಶವಚ್ಛೇದನದ ಪಾಠ ಇರಲಿಲ್ಲವೆಂದಲ್ಲ, ಚಳಿಗಾಲದಲ್ಲಿ ಕೆಲವು ದಿನ ನಡೆಯುತ್ತಿತ್ತು. ಮಂಜುಗಡ್ಡೆಯ ಪೆಟ್ಟಿಗೆಯಾಗಲಿ ಕೆಡದಂತೆ ಇಡುವ ರಾಸಾಯನಿಕವಾಗಲಿ ಇಲ್ಲದ ಕಾಲ. ಬೇಗ ಕೊಳೆಯುವ ಹೊಟ್ಟೆಯನ್ನು ಮೊದಲು ಮುಗಿಸಿ, ಆಮೇಲೆ ಎದೆ, ಆಮೇಲೆ ತಲೆ, ಕೊನೆಗೆ ಕೈಕಾಲು. ಪ್ರಾಧ್ಯಾಪಕರು ಎತ್ತರದ ಪೀಠದ ಮೇಲೆ ಕುಳಿತು ಲ್ಯಾಟಿನ್ ಪುಸ್ತಕ ಓದುತ್ತಿದ್ದರು. ಕೆಳಗೆ ಕ್ಷೌರಿಕನೊಬ್ಬ ಕೊಯ್ಯುತ್ತಿದ್ದ. ಅವನಿಗೆ ಲ್ಯಾಟಿನ್ ಬಾರದು, ಪ್ರಾಧ್ಯಾಪಕರಿಗೆ ಕೊಯ್ಯಲು ಬಾರದು. ಮತ್ತೊಬ್ಬ ಕೋಲು ಹಿಡಿದು ತೋರಿಸುತ್ತಿದ್ದ. ಪುಸ್ತಕದಲ್ಲಿ ಇರುವುದು ಒಂದು, ಮೇಜಿನ ಮೇಲೆ ಕಾಣುವುದು ಇನ್ನೊಂದು ಆದಾಗ ಯಾರೂ ಕೇಳುತ್ತಿರಲಿಲ್ಲ. ನೋಟ್ಸ್ ಬರೆಸುವುದರಲ್ಲೇ ಪಿರಿಯಡ್ ಮುಗಿದುಹೋಗುವುದನ್ನು ಕಂಡವರಿಗೆ ಇದು ತೀರ ಅಪರಿಚಿತವೇನೂ ಅಲ್ಲ.

ಪ್ಯಾರಿಸ್ಸಿನಲ್ಲಿ ವೆಸೇಲಿಯಸ್‌ಗೆ ಸಿಲ್ವಿಯಸ್, ಗುಂಟರ್ ಎಂಬ ಹೆಸರಾಂತ ಗುರುಗಳಿದ್ದರು. ಅವರಿಗಿಂತ ಹೆಚ್ಚು ಕಲಿಸಿದ್ದು ಅಲ್ಲಿನ ಒಂದು ಸ್ಮಶಾನ. ಹಳೆಯ ಗೋರಿಗಳಿಂದ ತೆಗೆದ ಮೂಳೆಗಳು ಅಲ್ಲಿ ರಾಶಿ ಬಿದ್ದಿರುತ್ತಿದ್ದವು. ಅವನು ಗೆಳೆಯರೊಂದಿಗೆ ಗಂಟೆಗಟ್ಟಲೆ ಆ ರಾಶಿಯಲ್ಲಿ ಕೂತು ಒಂದೊಂದೇ ಮೂಳೆ ಎತ್ತಿ ನೋಡುತ್ತಿದ್ದ. ಕೊನೆಕೊನೆಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಕೊಟ್ಟ ಮೂಳೆ ಯಾವುದೆಂದು ಮುಟ್ಟಿಯೇ ಹೇಳುವ ಪಂದ್ಯ ಕಟ್ಟುತ್ತಿದ್ದರಂತೆ. 1536ರಲ್ಲಿ ಫ್ರಾನ್ಸಿಗೂ ಚಕ್ರವರ್ತಿಗೂ ಯುದ್ಧ ಹತ್ತಿ ಅವನು ಲೂವೆನ್‌ಗೆ ಮರಳಬೇಕಾಯಿತು. ಅಲ್ಲಿ ಊರ ಹೊರಗಿನ ಗಲ್ಲುಕಂಬದಲ್ಲಿ ಒಂದು ಹೆಣ ಹಕ್ಕಿಗಳು ತಿಂದು ಬರೀ ಮೂಳೆಯಾಗಿ ನಿಂತಿತ್ತು. ವೆಸೇಲಿಯಸ್ ಮತ್ತು ಅವನ ಗೆಳೆಯ ಗೆಮ್ಮ ಫ್ರಿಸಿಯಸ್ (ಈತ ಮುಂದೆ ಭೂಪಟಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿದ) ಅದನ್ನು ನೋಡಿದರು. ವೆಸೇಲಿಯಸ್ ಕಂಬ ಹತ್ತಿ ಮೂಳೆಗಳನ್ನು ಕಿತ್ತು, ತುಂಡುತುಂಡಾಗಿ ಮನೆಗೆ ಸಾಗಿಸಿ, ಜೋಡಿಸಿ ನಿಲ್ಲಿಸಿದ. ಕೇಳಿದವರಿಗೆ ಪ್ಯಾರಿಸ್ಸಿನಿಂದ ತಂದದ್ದು ಎಂದ.

ಈ ಕಥೆಯನ್ನು ಸಾಹಸವೆಂದು ಹೇಳುವವರಿದ್ದಾರೆ. ನನಗೆ ಅಷ್ಟು ಸಲೀಸಾಗಿ ನುಂಗಲಾಗುವುದಿಲ್ಲ. ಮುಂದೆ ಅವನ ವಿದ್ಯಾರ್ಥಿಗಳು ಹೊಸ ಗೋರಿಗಳನ್ನು ಅಗೆದು ಹೆಣ ತಂದದ್ದನ್ನೂ ಗುರುತು ಸಿಗದಂತೆ ಚರ್ಮ ಸುಲಿದದ್ದನ್ನೂ ಅವನು ತನ್ನ ಪುಸ್ತಕದಲ್ಲಿ ಹೆಮ್ಮೆಯಿಂದಲೇ ಬರೆದುಕೊಂಡಿದ್ದಾನೆ. ಮೇಜಿನ ಮೇಲೆ ಬಂದವರು ಗಲ್ಲಿಗೇರಿದವರು, ಬಡವರು, ಕೇಳುವವರಿಲ್ಲದವರು. ಅವರ ಅನುಮತಿಯನ್ನು ಯಾರೂ ಕೇಳಲಿಲ್ಲ. ಇವತ್ತು ಜನರು ತಾವಾಗಿಯೇ ದೇಹದಾನದ ಪತ್ರ ಬರೆದುಕೊಡುತ್ತಾರೆ. ಅಲ್ಲಿಗೆ ಬರಲು ತುಂಬ ಕಾಲ ಹಿಡಿಯಿತು.

1537ರಲ್ಲಿ ವೆಸೇಲಿಯಸ್ ಇಟಲಿಗೆ ಬಂದು ಪದುವಾ ವಿಶ್ವವಿದ್ಯಾನಿಲಯ ಸೇರಿದ. ಡಿಸೆಂಬರ್ 5ರಂದು ಅವನಿಗೆ ಡಾಕ್ಟರ್ ಪದವಿ ಬಂತು. ಮರುದಿನವೇ ಶಸ್ತ್ರಚಿಕಿತ್ಸೆ ಮತ್ತು ಅಂಗರಚನಾಶಾಸ್ತ್ರ ಕಲಿಸುವ ಕೆಲಸಕ್ಕೆ ನಿಂತ. ಇನ್ನೂ 23 ತುಂಬಿರಲಿಲ್ಲ. ಅವನು ಮಾಡಿದ ಮೊದಲ ಬದಲಾವಣೆ ಸರಳ: ಪೀಠದಿಂದ ಕೆಳಗಿಳಿದ. ಕ್ಷೌರಿಕನ ಕತ್ತಿಯನ್ನು ತಾನೇ ಹಿಡಿದ. ಕೊಯ್ಯುತ್ತ, ಎತ್ತಿ ತೋರಿಸುತ್ತ, ಬಾಯಲ್ಲಿ ವಿವರಿಸುತ್ತ ಪಾಠ ಮಾಡಿದ. ದೊಡ್ಡ ಹಾಳೆಗಳ ಮೇಲೆ ಚಿತ್ರ ಬರೆದು ತೋರಿಸಿದ. ವಿದ್ಯಾರ್ಥಿಗಳಿಂದ ಆ ಚಿತ್ರಗಳಿಗೆ ಎಷ್ಟು ಬೇಡಿಕೆ ಬಂತೆಂದರೆ 1538ರಲ್ಲಿ ಆರು ಹಾಳೆಗಳನ್ನು ಅಚ್ಚು ಹಾಕಿಸಬೇಕಾಯಿತು. ಅಸ್ಥಿಪಂಜರದ ಮೂರು ಚಿತ್ರ ಕಾಲ್ಕಾರ್ ಎಂಬ ಕಲಾವಿದನವು. ನಮ್ಮ ಇಲಿ ತಿಂದ ಚಾರ್ಟಿನ ಅಜ್ಜನ ಅಜ್ಜ ಆ ಹಾಳೆಗಳೇ.

ಆದರೆ ನನಗೆ ಅವನ ಮೇಲೆ ಅಭಿಮಾನ ಹುಟ್ಟಿದ್ದು ಆ ಆರು ಹಾಳೆಗಳಲ್ಲಿರುವ ತಪ್ಪುಗಳಿಂದ. ಗೇಲನ್ ಹೇಳಿದ ಪ್ರಕಾರ ಯಕೃತ್ತಿಗೆ ಐದು ಹಾಲೆಗಳು. ವೆಸೇಲಿಯಸ್ ಐದನ್ನೇ ಬರೆದಿದ್ದಾನೆ. ಮೆದುಳಿನ ಬುಡದಲ್ಲಿ ರಕ್ತನಾಳಗಳ ಒಂದು ಅದ್ಭುತ ಜಾಲವಿದೆ ಎಂದು ಗೇಲನ್ ಹೇಳಿದ್ದ. ಕುರಿ, ಎತ್ತುಗಳಲ್ಲಿ ಅದು ಇದೆ, ಮನುಷ್ಯನಲ್ಲಿ ಇಲ್ಲ. ವೆಸೇಲಿಯಸ್ ಅದನ್ನೂ ಬರೆದಿದ್ದಾನೆ. ಅಷ್ಟೇ ಅಲ್ಲ, ಮನುಷ್ಯನ ತಲೆಯನ್ನು ಬಿಚ್ಚಿ ಪಾಠ ಮಾಡುವಾಗ ಆ ಜಾಲ ಕಾಣದಿದ್ದರೆ ತೋರಿಸಲು ಇರಲಿ ಎಂದು ಪಕ್ಕದಲ್ಲೇ ಕುರಿಯದೋ ಎತ್ತಿನದೋ ತಲೆಯೊಂದನ್ನು ಇಟ್ಟುಕೊಳ್ಳುತ್ತಿದ್ದ! ಕಣ್ಣೆದುರಿಗೆ ಮನುಷ್ಯನ ಮೆದುಳಿದೆ, ಅದರಲ್ಲಿ ಜಾಲವಿಲ್ಲ, ಆದರೂ ಪುಸ್ತಕ ಸುಳ್ಳಾಗಬಾರದು ಎಂದು ಕುರಿಯ ತಲೆ. ಇದನ್ನು ಅವನ ವಿರೋಧಿಗಳು ಕಂಡುಹಿಡಿದದ್ದಲ್ಲ. ಐದು ವರ್ಷ ಕಳೆದ ಮೇಲೆ ತನ್ನ ಮೂರ್ಖತನಕ್ಕೆ ತಾನೇ ಬೆರಗಾಗಿ ಅಚ್ಚಿನಲ್ಲಿ ಒಪ್ಪಿಕೊಂಡ. ಓದಿದ್ದು ಕಣ್ಣನ್ನು ಎಷ್ಟು ಮುಚ್ಚಬಲ್ಲದು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಮುಂದೆ ಪದುವಾದ ನ್ಯಾಯಾಧೀಶನೊಬ್ಬ ಆಸಕ್ತಿ ವಹಿಸಿ, ಮರಣದಂಡನೆಗೆ ಗುರಿಯಾದವರ ಶವಗಳನ್ನು ಅವನಿಗೆ ಕೊಡಿಸತೊಡಗಿದ. ಒಂದೆರಡು ಶವ ನೋಡಿ ವ್ಯತ್ಯಾಸ ಕಂಡರೆ ಅದೊಂದು ಅಪವಾದ ಎನ್ನಬಹುದು, ಮತ್ತೆ ಮತ್ತೆ ಅದೇ ಕಂಡರೆ ಏನು ಹೇಳುವುದು? 1540ರಲ್ಲಿ ಬೊಲೋನ್ಯಾ ಊರಿನಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮುಂದೆ ಪಾಠ ಮಾಡುವಾಗ ಅವನು ಎರಡು ಅಸ್ಥಿಪಂಜರಗಳನ್ನು ಬಳಸಿದ, ಒಂದು ಮನುಷ್ಯನದು, ಇನ್ನೊಂದು ಮಂಗನದು. ಬೆನ್ನೆಲುಬಿನ ಒಂದು ಚಾಚನ್ನು ತೋರಿಸಿ, ಗೇಲನ್ ಹೇಳಿದ ಆಕಾರ ಮಂಗನಲ್ಲಿದೆ, ಮನುಷ್ಯನಲ್ಲಿಲ್ಲ ಎಂದು ಎಲ್ಲರಿಗೂ ಕಾಣುವಂತೆ ಮಾಡಿದ. ಅಲ್ಲಿ ಪುಸ್ತಕ ಓದುವ ಹೊಣೆ ಹೊತ್ತಿದ್ದ ಹಿರಿಯ ಪ್ರಾಧ್ಯಾಪಕ ಕೋರ್ತಿಗೂ ಅವನಿಗೂ ವಿದ್ಯಾರ್ಥಿಗಳ ಎದುರೇ ಜಟಾಪಟಿ ಆಯಿತು. ಹೆಸೆಲರ್ ಎಂಬ ವಿದ್ಯಾರ್ಥಿ ಅಲ್ಲಿ ಕೂತು ದಿನದಿನದ ಟಿಪ್ಪಣಿ ಬರೆದಿಟ್ಟಿದ್ದರಿಂದ ಇದೆಲ್ಲ ನಮಗೆ ತಿಳಿದಿದೆ. ಹೃದಯದ ಬಡಿತಕ್ಕೂ ನಾಡಿಯ ಬಡಿತಕ್ಕೂ ಏನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳಿದಾಗ ವೆಸೇಲಿಯಸ್ ಉತ್ತರ ಹೇಳಲಿಲ್ಲವಂತೆ. ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ, ಅದನ್ನೇ ನಂಬಿ ಎಂದನಂತೆ.

ಓದುಗರೂ ಈಗ ಒಂದು ಕೆಲಸ ಮಾಡಬಹುದು. ಕೆಳದವಡೆಯನ್ನು ಒಂದು ಕಿವಿಯ ಬುಡದಿಂದ ಇನ್ನೊಂದು ಕಿವಿಯ ಬುಡದವರೆಗೆ ಬೆರಳಿನಿಂದ ಒತ್ತಿ ನೋಡಿ. ಎಲ್ಲಿಯೂ ಕೀಲಾಗಲಿ ಬಿರುಕಾಗಲಿ ಇಲ್ಲ, ಒಂದೇ ಮೂಳೆ. ಗೇಲನ್ ಅಲ್ಲಿ ಎರಡು ಮೂಳೆ ಎಂದಿದ್ದ. ನಾಯಿಯಂಥ ಪ್ರಾಣಿಗಳಲ್ಲಿ ಎರಡು ಭಾಗ ಇರುವುದು ನಿಜ, ನಮ್ಮಲ್ಲೂ ಹುಟ್ಟುವಾಗ ಎರಡಿದ್ದು ಮೊದಲ ವರ್ಷದಲ್ಲೇ ಬೆಸೆದುಕೊಳ್ಳುತ್ತವೆ. ಸಾವಿರಾರು ಜನ ವೈದ್ಯರು ತಮ್ಮ ಗಡ್ಡ ನೀವಿಕೊಳ್ಳುತ್ತಲೇ ದವಡೆಯಲ್ಲಿ ಎರಡು ಮೂಳೆ ಎಂದು ಪಾಠ ಹೇಳಿದರು! ಎದೆಮೂಳೆಯಲ್ಲಿ ಏಳು ಭಾಗ ಎಂದಿದ್ದ ಗೇಲನ್. ಮೂರು ಎಂದು ವೆಸೇಲಿಯಸ್ ತೋರಿಸಿದ. ಬೈಬಲಿನ ಕಥೆಯಿಂದಾಗಿ ಗಂಡಸಿಗೆ ಹೆಂಗಸಿಗಿಂತ ಒಂದು ಪಕ್ಕೆಲುಬು ಕಡಿಮೆ ಎಂದು ಜನ ನಂಬಿದ್ದರು. ಇಬ್ಬರಿಗೂ 24 ಎಂದು ಎಣಿಸಿ ಹೇಳಿದ. ಇಂಥ ತಿದ್ದುಪಡಿಗಳು 200ಕ್ಕೂ ಹೆಚ್ಚು.

ನಮ್ಮ ದೇಶದಲ್ಲೂ ನೋಡಿ ಕಲಿಯುವ ದಾರಿ ಇತ್ತು ಎಂಬುದನ್ನು ಇಲ್ಲಿ ಹೇಳಬೇಕು. ಸುಶ್ರುತ ಸಂಹಿತೆಯಲ್ಲಿ ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಬಿಟ್ಟು, ಆಮೇಲೆ ಲಾವಂಚ, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಪದರಪದರವಾಗಿ ನೋಡಬೇಕು ಎಂಬ ವಿಧಾನವಿದೆ. ಸುಶ್ರುತ ಮೂಳೆಗಳು 300 ಎಂದ, ಚರಕ 360 ಎಂದ, ಹಲ್ಲು ಮೃದ್ವಸ್ಥಿಗಳನ್ನೂ ಸೇರಿಸಿ ಎಣಿಸಿದ ಲೆಕ್ಕ ಅದು. ನಾವು ಪರೀಕ್ಷೆಯಲ್ಲಿ 206 ಎಂದು ಬರೆದೆವು. ನಮ್ಮಲ್ಲೂ ಆ ದಾರಿ ಮುಚ್ಚಿಹೋಗಿ, ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತ ಎಂಬುವರು 1836ರಲ್ಲಿ ಶವಚ್ಛೇದನ ಮಾಡಿದಾಗ ಮತ್ತೆ ತೆರೆಯಿತು. ಜಾತಿ ಕಟ್ಟಳೆಗಳ ಆ ಕಾಲದಲ್ಲಿ ವೈದ್ಯ ಮನೆತನದ ಸಂಸ್ಕೃತ ಪಂಡಿತರೊಬ್ಬರು ಹೆಣ ಮುಟ್ಟಲು ಎಷ್ಟು ಎದೆಗಾರಿಕೆ ಬೇಕಿತ್ತೆಂಬುದನ್ನು ಹಳ್ಳಿಯಲ್ಲಿ ಬೆಳೆದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ವೆಸೇಲಿಯಸ್‌ನ ದೊಡ್ಡ ಪುಸ್ತಕ ಮಾನವ ದೇಹದ ರಚನೆಯನ್ನು ಕುರಿತದ್ದು. ಲ್ಯಾಟಿನ್ ಹೆಸರು ಉದ್ದವಿರುವುದರಿಂದ ಫ್ಯಾಬ್ರಿಕಾ ಎಂದೇ ಕರೆಯುತ್ತಾರೆ. ಚಿತ್ರಗಳನ್ನು ಮರದ ಹಲಗೆಯಲ್ಲಿ ಕೊರೆಸಿ, ಆ ಅಚ್ಚುಗಳನ್ನು 1542ರಲ್ಲಿ ವೆನಿಸ್ಸಿನಿಂದ ವ್ಯಾಪಾರಿಗಳ ಕೈಯಲ್ಲಿ ಆಲ್ಪ್ಸ್ ಪರ್ವತ ದಾಟಿಸಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಕಳಿಸಿದ. ಅಲ್ಲಿನ ಮುದ್ರಕ ಒಪೊರಿನಸ್‌ಗೆ ಯಾವ ಚಿತ್ರ ಎಲ್ಲಿ ಬರಬೇಕು, ಹೇಗೆ ಬರಬೇಕು ಎಂದು ಸೂಚನೆಗಳ ಪತ್ರ ಬರೆದ. ಅಷ್ಟಕ್ಕೂ ಸಮಾಧಾನವಿಲ್ಲದೆ ತಾನೇ ಹೋಗಿ ನಿಂತು ಅಚ್ಚು ಹಾಕಿಸಿದ. 1543ರಲ್ಲಿ ಪುಸ್ತಕ ಹೊರಬಂತು. ಏಳು ಭಾಗ, 600ಕ್ಕೂ ಹೆಚ್ಚು ಪುಟ. ಬರೆದವನಿಗೆ 28 ವರ್ಷ. ಸೂರ್ಯನ ಸುತ್ತ ಭೂಮಿ ತಿರುಗುತ್ತದೆ ಎಂದ ಕೊಪರ್ನಿಕಸ್‌ನ ಪುಸ್ತಕವೂ ಅದೇ ವರ್ಷದ್ದು.

ಆ ಪುಸ್ತಕದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಮೊದಲ ಸಲ ನೋಡಿದಾಗ ನಾನು ರಾತ್ರಿ ಎರಡು ಗಂಟೆಯವರೆಗೆ ಏಳಲಿಲ್ಲ. ಕೊಳೆಯುವ ಭಾಗದಿಂದ ಶುರುಮಾಡುವ ಹಳೆಯ ಕ್ರಮ ಬಿಟ್ಟು ಅವನು ಮೂಳೆಯಿಂದ ಶುರುಮಾಡುತ್ತಾನೆ, ಮನೆಗೆ ಮೊದಲು ಕಂಬ ನೆಡುವ ಹಾಗೆ. ಆಮೇಲೆ ಸ್ನಾಯು, ರಕ್ತನಾಳ, ನರ, ಹೊಟ್ಟೆ, ಹೃದಯ, ಕೊನೆಗೆ ಮೆದುಳು. ಅಸ್ಥಿಪಂಜರವೊಂದು ಗೋರಿಗೆ ಮೊಣಕೈ ಊರಿ ತಲೆಬುರುಡೆಯ ಮೇಲೆ ಕೈಯಿಟ್ಟು ಏನೋ ಯೋಚಿಸುತ್ತಿದೆ. ಚರ್ಮ ತೆಗೆದ ಮನುಷ್ಯರು ಊರು, ಸೇತುವೆ, ಗುಡ್ಡಗಳ ಮುಂದೆ ನಿಂತಿದ್ದಾರೆ. ಪುಟ ತಿರುವಿದಂತೆ ಒಂದೊಂದೇ ಪದರ ಸ್ನಾಯು ಕಳಚಿಹೋಗುತ್ತದೆ. ಮುಖಪುಟದಲ್ಲಿ ಜನಜಂಗುಳಿಯ ನಡುವೆ ಅವನೇ ಶವದ ಪಕ್ಕ ನಿಂತಿದ್ದಾನೆ. ಕೆಲಸ ಕಳೆದುಕೊಂಡ ಕ್ಷೌರಿಕರು ಮೇಜಿನ ಕೆಳಗೆ ಕತ್ತಿ ಮಸೆಯುತ್ತ ಕೂತಿದ್ದಾರೆ. ಅಚ್ಚಿನ ಕೆಲಸಕ್ಕೆ ಬಾಸೆಲ್‌ನಲ್ಲಿದ್ದಾಗ ಯಾಕೋಬ್ ಕಾರರ್ ಎಂಬ ಮರಣದಂಡಿತನ ಶವವನ್ನು ಕೊಯ್ದು ಪಾಠ ಮಾಡಿ ಅದರ ಮೂಳೆಗಳನ್ನು ಜೋಡಿಸಿಕೊಟ್ಟ. ಆ ಅಸ್ಥಿಪಂಜರ ಇವತ್ತಿಗೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ.

ಪುಸ್ತಕಕ್ಕೆ ಹೊಗಳಿಕೆಯ ಜೊತೆ ಬೈಗುಳವೂ ಬಂತು. ಪ್ಯಾರಿಸ್ಸಿನ ಗುರು ಸಿಲ್ವಿಯಸ್‌ಗೆ ಗೇಲನ್ ತಪ್ಪಿರಬಹುದು ಎಂಬ ಮಾತೇ ಸಹಿಸಲಿಲ್ಲ. ಗೇಲನ್‌ನ ಕಾಲದಿಂದ ಈಚೆಗೆ ಮನುಷ್ಯನ ದೇಹವೇ ಬದಲಾಗಿರಬೇಕು ಎಂದು ವಾದಿಸಿದ. ಇದನ್ನು ಓದಿ ನಾನು ನಕ್ಕುಬಿಟ್ಟೆ, ಏಕೆಂದರೆ ಪ್ರೋಗ್ರಾಮಿನಲ್ಲಿ ದೋಷವಿದೆ ಎಂದು ತೋರಿಸಿದಾಗ ನಿಮ್ಮ ಡೇಟಾವೇ ಸರಿಯಿಲ್ಲ ಎನ್ನುವವರನ್ನು ದಿನಾ ನೋಡುತ್ತೇನೆ. ನಾನೂ ಒಂದೆರಡು ಸಲ ಅಂದಿದ್ದೇನೆ. 1551ರಲ್ಲಿ ಸಿಲ್ವಿಯಸ್ ತನ್ನ ಶಿಷ್ಯನ ಹೆಸರನ್ನೇ ತಿರುಚಿ, ಲ್ಯಾಟಿನ್ನಿನಲ್ಲಿ ಹುಚ್ಚ ಎಂಬ ಅರ್ಥ ಬರುವಂತೆ ಮಾಡಿ ಪುಸ್ತಕ ಬರೆದ.

ಅಷ್ಟರಲ್ಲಿ ವೆಸೇಲಿಯಸ್ ತನ್ನ ಟಿಪ್ಪಣಿಗಳ ಕಟ್ಟುಗಳನ್ನು ಸುಟ್ಟುಹಾಕಿ, ಕಲಿಸುವುದನ್ನೇ ಬಿಟ್ಟು ಚಕ್ರವರ್ತಿ ಚಾರ್ಲ್ಸ್‌ನ ಆಸ್ಥಾನ ವೈದ್ಯನಾಗಿದ್ದ. ಅಂಥ ಮೇಷ್ಟ್ರು ಮೂವತ್ತು ತುಂಬುವ ಮೊದಲೇ ತರಗತಿ ಬಿಟ್ಟು ರಾಜರ ಕೀಲುನೋವಿಗೆ ಮದ್ದು ಕೊಡಲು ಹೋದದ್ದು ನನಗೆ ಇವತ್ತಿಗೂ ಸಂಕಟದ ವಿಷಯ. 1544ರಲ್ಲಿ ಮದುವೆಯಾದ, ಒಬ್ಬಳು ಮಗಳು. ದಂಡಿನ ಜೊತೆ ಊರೂರು ಅಲೆದ.

ಆದರೂ ಪುಸ್ತಕವನ್ನು ಬಿಟ್ಟಿರಲಿಲ್ಲ. ಹೃದಯದ ಬಲ, ಎಡ ಕೋಣೆಗಳ ನಡುವಿನ ಗೋಡೆಯಲ್ಲಿ ಸಣ್ಣ ರಂಧ್ರಗಳಿವೆ, ಅವುಗಳ ಮೂಲಕ ರಕ್ತ ಒಸರುತ್ತದೆ ಎಂದು ಗೇಲನ್ ಹೇಳಿದ್ದ. ವೆಸೇಲಿಯಸ್ ಎಷ್ಟು ಹುಡುಕಿದರೂ ರಂಧ್ರ ಸಿಗಲಿಲ್ಲ. 1543ರಲ್ಲಿ ಆ ಮಾತನ್ನು ದೇವರ ಮಹಿಮೆ ಎಂದು ಹೇಳಿ ಜಾರಿಕೊಂಡಿದ್ದ. 1555ರ ಎರಡನೇ ಮುದ್ರಣದಲ್ಲಿ ಆ ಗೋಡೆ ದಾಟಿ ರಕ್ತ ಹೇಗೆ ಹೋಗುತ್ತದೋ ತನಗೆ ಕಾಣದು ಎಂದು ಬಿಚ್ಚಿ ಬರೆದ. ಅದೇ ಪದುವಾದಲ್ಲಿ ಓದಿದ ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಇಡೀ ದೇಹವನ್ನು ಸುತ್ತಿ ಹೃದಯಕ್ಕೇ ಮರಳುತ್ತದೆ ಎಂದು ತೋರಿಸಿಕೊಟ್ಟ. ನಾನು ನೀಲಿ, ಕೆಂಪು ಪೆನ್ಸಿಲಿನಲ್ಲಿ ಬರೆದ ಚಿತ್ರದ ಹಿಂದೆ ಇಷ್ಟು ದೊಡ್ಡ ಕಥೆಯಿತ್ತು. ಹಾಗೆಂದು ವೆಸೇಲಿಯಸ್ ಎಲ್ಲವನ್ನೂ ಸರಿಯಾಗಿ ಕಂಡನೆಂದಲ್ಲ. ಕಣ್ಣಿನ ಮಸೂರವನ್ನು ಗುಡ್ಡೆಯ ನಟ್ಟನಡುವೆ ಇಟ್ಟ, ನಾಯಿಯ ಮೂತ್ರಪಿಂಡದ ಚಿತ್ರ ಬರೆಸಿದ. ಪದುವಾದಲ್ಲಿ ಅವನ ಸ್ಥಾನಕ್ಕೆ ಮುಂದೆ ಬಂದ ಫಲ್ಲೋಪಿಯೊ 1561ರಲ್ಲಿ ಇಂಥ ಹಲವನ್ನು ಗೌರವದಿಂದಲೇ ತಿದ್ದಿದ. ಅದಕ್ಕೆ ವೆಸೇಲಿಯಸ್ ಬರೆದ ಉತ್ತರ 1564ರಲ್ಲಿ ಅಚ್ಚಾಯಿತು.

ಕೊನೆಯ ವರ್ಷಗಳು ಸ್ಪೇನಿನಲ್ಲಿ, ದೊರೆ ಎರಡನೇ ಫಿಲಿಪ್‌ನ ಬಳಿ ಕಳೆದವು. 1559ರಲ್ಲಿ ಫ್ರಾನ್ಸಿನ ದೊರೆ ಎರಡನೇ ಹೆನ್ರಿಗೆ ಪಂದ್ಯದಲ್ಲಿ ಈಟಿಯ ಚೂರು ತಲೆಗೆ ಹೊಕ್ಕಾಗ ಅವನನ್ನು ಕರೆಸಿದರು. ಉಳಿಸಲಾಗಲಿಲ್ಲ. 1564ರಲ್ಲಿ ಜೆರುಸಲೇಮಿಗೆ ಯಾತ್ರೆ ಹೋದವನು ಮರಳಿ ಬರುವಾಗ ಗ್ರೀಸಿನ ಜಾಕಿಂಥೋಸ್ ದ್ವೀಪದಲ್ಲಿ ತೀರಿಕೊಂಡ. ಇನ್ನೂ 50 ತುಂಬಿರಲಿಲ್ಲ. ಜೀವವಿದ್ದ ಮನುಷ್ಯನನ್ನು ಕೊಯ್ದುಬಿಟ್ಟ, ಅದರ ಪ್ರಾಯಶ್ಚಿತ್ತಕ್ಕೆ ಹೊರಟಿದ್ದ ಎಂಬ ಕಥೆಯೊಂದು ಹರಡಿತು, ಅದಕ್ಕೆ ಆಧಾರವಿಲ್ಲ. ಆಲ್ಪ್ಸ್ ದಾಟಿದ ಆ ಮರದ ಅಚ್ಚುಗಳು ಮಾತ್ರ ನಾಲ್ಕು ಶತಮಾನ ಬಾಳಿ, ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಮ್ಯೂನಿಕ್‌ನಲ್ಲಿ ಸುಟ್ಟುಹೋದವು.

ಈಗ ನಮ್ಮ ಶಾಲೆಗೆ ಬರುತ್ತೇನೆ. ನಮ್ಮ ಕಾಲದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಮನೆಯಲ್ಲಿ ಓದಿಕೊಳ್ಳಿ ಎಂದು ಮುಂದಕ್ಕೆ ಹೋಗುವುದು ಎಲ್ಲ ಕಡೆಯೂ ಇತ್ತು. ನಮ್ಮ ಜೊತೆ ಓದಿದ ಹೆಣ್ಣುಮಕ್ಕಳಲ್ಲಿ ಕೆಲವರು ಎಸ್ಸೆಸ್ಸೆಲ್ಸಿ ಮುಗಿದ ಮೂರು ವರ್ಷದೊಳಗೆ ತಾಯಂದಿರಾದರು. ಆ ಪಾಠ ಎಲ್ಲರಿಗಿಂತ ಹೆಚ್ಚು ಬೇಕಿದ್ದದ್ದು ಅವರಿಗೆ. ಮೂಳೆಗಳ ಹೆಸರು ಮರೆತರೆ ಪುಸ್ತಕ ನೋಡಬಹುದು. ಮಣಿಕಟ್ಟಿನಲ್ಲಿ, ಕತ್ತಿನಲ್ಲಿ ನಾಡಿ ಎಲ್ಲಿ ಸಿಗುತ್ತದೆ, ಉಸಿರು ನಿಂತವರ ಎದೆಯನ್ನು ಎಲ್ಲಿ ಎಷ್ಟು ಜೋರಾಗಿ ಒತ್ತಬೇಕು, ಹಾವು ಕಚ್ಚಿದ ಕಾಲಿಗೆ ಹಗ್ಗ ಬಿಗಿದು ಕಟ್ಟಿದರೆ ಒಳಗೆ ಏನಾಗುತ್ತದೆ ಎಂಬುದನ್ನು ಆ ಹೊತ್ತಿಗೆ ಪುಸ್ತಕ ಹುಡುಕಲಾಗುವುದಿಲ್ಲ. ಹೃದಯದ ನರಗಳೂ ಎಡಗೈಯ ನರಗಳೂ ಬೆನ್ನುಹುರಿಯಲ್ಲಿ ಒಂದೇ ಭಾಗಕ್ಕೆ ಬಂದು ಸೇರುವುದರಿಂದ ಮೆದುಳಿಗೆ ನೋವು ಎಲ್ಲಿಯದೆಂದು ಗೊಂದಲವಾಗುತ್ತದೆ. ಹತ್ತನೇ ತರಗತಿಯವರಿಗೆ ಇಷ್ಟು ಅರ್ಥವಾಗದೆ ಇರದು. ಇಷ್ಟು ಗೊತ್ತಿದ್ದಿದ್ದರೆ ಆ ರಾತ್ರಿ ನಾನು ಅಮ್ಮನಿಗೆ ಸೋಡಾ ಬದಲು 108ಕ್ಕೆ ಫೋನು ಮಾಡು ಎನ್ನುತ್ತಿದ್ದೆ. ಅಪ್ಪ ಉಳಿಯುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

ನಮ್ಮ ಬ್ಯಾಚಿನ ಹನ್ನೊಂದು ಜನ ಸೇರಿ ಸುವರ್ಣ ಮಹೋತ್ಸವಕ್ಕೆ ಶಾಲೆಗೆ ಆಳೆತ್ತರದ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ, ಬಿಚ್ಚಿ ಜೋಡಿಸಬಹುದಾದ ಒಂದು ಹೃದಯದ ಮಾದರಿ ಕೊಡಿಸುತ್ತಿದ್ದೇವೆ. ಮುಖ್ಯೋಪಾಧ್ಯಾಯರಲ್ಲಿ ಒಂದೇ ಕೋರಿಕೆ, ದಯವಿಟ್ಟು ಇವನ್ನು ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ಮಕ್ಕಳು ಮುಟ್ಟಲಿ, ಕಣ್ಣು ಕಟ್ಟಿಕೊಂಡು ಪಂದ್ಯ ಆಡಲಿ, ಒಂದೆರಡು ಬೆರಳು ಕಳೆದುಹೋದರೆ ಹೋಗಲಿ, ಬೇರೆ ಕಳಿಸುತ್ತೇವೆ. ಕೆಳದವಡೆಗೆ ಎರಡೂ ಕಡೆ ಸ್ಪ್ರಿಂಗ್ ಇದೆ, ಬಾಯಿ ತೆರೆಸುವಾಗ ಮಾತ್ರ ಸ್ವಲ್ಪ ಮೆಲ್ಲಗೆ ಎಳೆಯಲು ಹೇಳಿ.